ಒಡಂಬಡಿಕೆಗೆ ಸಹಿ ಬಿದ್ದ ಮೇಲೆ: ವಿಶ್ವವಿದ್ಯಾಲಯದ ಆಡಳಿತ ಮತ್ತು ಉನ್ನತ ಶಿಕ್ಷಣದ ಅಂತರರಾಷ್ಟ್ರೀಕರಣ

ಮುಂಗಾರು ಹಿಡಿಯುವ ಮುಂಚೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣ ಕಲಸುವ ಕೆಲಸ ಶುರುವಾಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಒಟ್ಟಿಗೆ ಸುರಿದು ಕಲಕಿದರೆ ತಿಳಿನೀಲಿ ದ್ರಾವಣ ಸಿದ್ಧವಾಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಈ ಔಷಧಿಗೆ ಬೋರ್ಡೋ ಎಂಬ ಹೆಸರು ಬಂದದ್ದು ಫ್ರಾನ್ಸಿನ ಒಂದು ಊರಿನಿಂದ. ಅಲ್ಲಿ ದ್ರಾಕ್ಷಿ ಬಳ್ಳಿಗೆ ಹೊಡೆಯುತ್ತಿದ್ದ ಮದ್ದನ್ನು ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಹೊಡೆಯಬಹುದೆಂದು ತೋರಿಸಿಕೊಟ್ಟವರು ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್. ಅಲ್ಲಿಯವರೆಗೆ ಮಳೆಯಿಂದ ಕಾಪಾಡಲು ಒಂದೊಂದು ಕೊನೆಗೂ ಕೊಟ್ಟೆ ಕಟ್ಟುತ್ತಿದ್ದ ಮಲೆನಾಡಿಗೆ ಇದು ದೊಡ್ಡ ಬದಲಾವಣೆಯಾಗಿತ್ತು.

ಈ ಕಥೆಯಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಭಾಗವಿದೆ. ಕೋಲ್ಮನ್ ಇಲ್ಲಿಗೆ ಬರಬೇಕಾದರೆ ಮೊದಲು ಒಂದು ಹುದ್ದೆ ಸೃಷ್ಟಿಯಾಗಬೇಕಿತ್ತು, ಅದಕ್ಕೆ ಸಂಬಳ ನಿಗದಿಯಾಗಬೇಕಿತ್ತು, ಹೊರದೇಶದವರನ್ನು ಆ ಹುದ್ದೆಗೆ ತೆಗೆದುಕೊಳ್ಳಬಹುದೆಂದು ತೀರ್ಮಾನಿಸುವ ಅಧಿಕಾರ ಯಾರಿಗೋ ಇರಬೇಕಿತ್ತು. ಸಂಸ್ಥಾನದ ಸರ್ಕಾರಕ್ಕೆ ಆ ಅಧಿಕಾರವಿತ್ತು, ಅದು ತೀರ್ಮಾನಿಸಿತು, ಅವರು ಬಂದರು. ಜ್ಞಾನಕ್ಕೆ ಗಡಿಯಿಲ್ಲ ಎಂದು ಭಾಷಣಗಳಲ್ಲಿ ಎಷ್ಟೇ ಹೇಳಿದರೂ, ಜ್ಞಾನವುಳ್ಳ ಮನುಷ್ಯ ಗಡಿ ದಾಟಿ ಬರಲು ಯಾರಾದರೊಬ್ಬರು ಆದೇಶಕ್ಕೆ ಸಹಿ ಹಾಕಬೇಕು, ಖರ್ಚಿಗೆ ಲೆಕ್ಕಶೀರ್ಷಿಕೆ ತೋರಿಸಬೇಕು. ಉನ್ನತ ಶಿಕ್ಷಣದ ಅಂತರರಾಷ್ಟ್ರೀಕರಣವನ್ನು ಈ ತುದಿಯಿಂದ ನೋಡಿದರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ.

ಅಂತರರಾಷ್ಟ್ರೀಕರಣ ಎಂದಕೂಡಲೇ ನಮಗೆ ನೆನಪಾಗುವುದು ವಿಮಾನ ಹತ್ತುವ ವಿದ್ಯಾರ್ಥಿಗಳು. ಅದು ಒಂದು ಭಾಗ ಮಾತ್ರ. ವಿದೇಶಿ ವಿದ್ಯಾರ್ಥಿಗಳು ಇಲ್ಲಿ ಬಂದು ಓದುವುದು, ಅಧ್ಯಾಪಕರ ವಿನಿಮಯ, ಎರಡು ದೇಶಗಳ ಸಂಸ್ಥೆಗಳು ಸೇರಿ ನಡೆಸುವ ಸಂಶೋಧನೆ, ಜಂಟಿ ಪದವಿ, ಹೊರದೇಶದ ವಿಶ್ವವಿದ್ಯಾಲಯ ಇಲ್ಲಿ ತೆರೆಯುವ ಕ್ಯಾಂಪಸ್, ಊರು ಬಿಡದ ವಿದ್ಯಾರ್ಥಿಗೂ ಪಠ್ಯಕ್ರಮದ ಮೂಲಕವೇ ಹೊರ ಜಗತ್ತಿನ ಪರಿಚಯವಾಗುವಂತೆ ಮಾಡುವುದು, ಇವೆಲ್ಲವೂ ಆ ಪದದೊಳಗೆ ಬರುತ್ತವೆ. ಆಡಳಿತ ಎಂದರೆ ಇಲ್ಲಿ ಕಚೇರಿಯ ದಿನನಿತ್ಯದ ಕೆಲಸವಲ್ಲ. ವಿಶ್ವವಿದ್ಯಾಲಯದಲ್ಲಿ ಯಾವ ವಿಷಯವನ್ನು ಯಾರು ತೀರ್ಮಾನಿಸುತ್ತಾರೆ, ಯಾರ ಒಪ್ಪಿಗೆ ಪಡೆಯಬೇಕು, ಹಣ ಯಾರ ಕೈಯಲ್ಲಿದೆ, ತಪ್ಪಾದರೆ ಯಾರು ಉತ್ತರ ಹೇಳಬೇಕು ಎಂಬ ಒಟ್ಟು ವ್ಯವಸ್ಥೆ.

ಶಿವಮೊಗ್ಗದಿಂದ ಭದ್ರಾ ಅಣೆಕಟ್ಟೆಯಿರುವ ಬಿ.ಆರ್. ಪ್ರಾಜೆಕ್ಟಿನ ಕಡೆಗೆ ಹೋಗುವ ದಾರಿಯಲ್ಲಿ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ ಆವರಣವಿದೆ. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1987ರಲ್ಲಿ. ರಾಜ್ಯದ ಇತರ ಸಾಮಾನ್ಯ ವಿಶ್ವವಿದ್ಯಾಲಯಗಳಂತೆ ಇದೂ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ಕ್ಕೆ ಒಳಪಟ್ಟಿದೆ. ಆ ಅಧಿನಿಯಮದ ಪ್ರಕಾರ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಶೋಧನಾ ಸಮಿತಿ ಕೊಡುವ ಹೆಸರುಗಳ ಪಟ್ಟಿಯಿಂದ, ರಾಜ್ಯ ಸರ್ಕಾರದ ಸಹಮತಿಯೊಂದಿಗೆ, ಕುಲಾಧಿಪತಿಗಳು ಕುಲಪತಿಯನ್ನು ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ. ಕಾರ್ಯಾಂಗದ ಅಧಿಕಾರ ಸಿಂಡಿಕೇಟಿನದು, ಪಾಠದ ವಿಷಯ ವಿದ್ಯಾವಿಷಯಕ ಪರಿಷತ್ತಿನದು, ಪ್ರತಿ ವಿಷಯಕ್ಕೂ ಒಂದು ಅಧ್ಯಯನ ಮಂಡಳಿ, ಖರ್ಚಿಗೆ ಹಣಕಾಸು ಸಮಿತಿ.

ಇಂಥ ಒಂದು ರಾಜ್ಯ ವಿಶ್ವವಿದ್ಯಾಲಯ ಹೊರದೇಶದ ವಿಶ್ವವಿದ್ಯಾಲಯದೊಂದಿಗೆ ಒಡಂಬಡಿಕೆ ಮಾಡಿಕೊಂಡಿತು ಎಂದಿಟ್ಟುಕೊಳ್ಳೋಣ. ಕುಲಪತಿಗಳು ಸಹಿ ಹಾಕುತ್ತಾರೆ, ಕಡತ ಹಿಡಿದುಕೊಂಡ ಎರಡೂ ಕಡೆಯವರ ಚಿತ್ರ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಸಮಾರಂಭಕ್ಕೆ ಬೇಕಾದದ್ದು ಅಷ್ಟೇ. ಆದರೆ ಒಬ್ಬ ವಿದ್ಯಾರ್ಥಿನಿ ಅಲ್ಲಿ ಒಂದು ಸೆಮಿಸ್ಟರ್ ಓದಿ, ಆ ಓದನ್ನು ಇಲ್ಲಿಯ ಅಂಕಪಟ್ಟಿಯಲ್ಲಿ ಸೇರಿಸಬೇಕಾದರೆ ಕೆಲಸ ಬೇರೆಯೇ ಇದೆ. ಅಲ್ಲಿ ಓದಿದ ಪತ್ರಿಕೆ, ಅಂದರೆ ಪಠ್ಯವಿಷಯ, ಇಲ್ಲಿಯ ಯಾವ ಪತ್ರಿಕೆಗೆ ಸಮ ಎಂಬುದನ್ನು ಅಧ್ಯಯನ ಮಂಡಳಿ ಹೇಳಬೇಕು. ಅದು ಹಲವು ವಿಭಾಗಗಳು ಸೇರಿದ ನಿಕಾಯದ ಸಭೆಗೆ ಹೋಗಿ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿನ ಕಾರ್ಯಸೂಚಿಗೆ ಬರಬೇಕು. ಪರಿಷತ್ತು ತಿಂಗಳಿಗೊಮ್ಮೆ ಸೇರುವ ಸಭೆಯಲ್ಲ. ಒಂದು ಸಭೆ ತಪ್ಪಿದರೆ ಒಂದು ಸೆಮಿಸ್ಟರೇ ತಪ್ಪಿದಂತೆ. ಶುಲ್ಕ ಎರಡೂ ಕಡೆ ಕಟ್ಟಬೇಕೆ, ಒಂದೇ ಕಡೆಯೆ ಎಂಬುದು ಹಣಕಾಸು ಸಮಿತಿಯ ಮೂಲಕ ಸಿಂಡಿಕೇಟಿಗೆ ಹೋಗುತ್ತದೆ. ಹೊಸ ಬಗೆಯ ಪದವಿಗಾಗಿ ಪರಿನಿಯಮವನ್ನೇ ರೂಪಿಸಬೇಕಾಗಿ ಬಂದರೆ, ಅದು ರಾಜ್ಯ ಸರ್ಕಾರದ ಮೂಲಕ ಕುಲಾಧಿಪತಿಗಳ ಅಂಕಿತಕ್ಕೆ ಹೋಗಿ ಬರಬೇಕು. ಅಷ್ಟರಲ್ಲಿ ಒಡಂಬಡಿಕೆಯ ಅವಧಿ ಅರ್ಧ ಕಳೆದಿರುತ್ತದೆ, ಸಹಿ ಹಾಕಿದ ಕುಲಪತಿಗಳ ಅವಧಿಯೂ ಮುಗಿಯುತ್ತಾ ಬಂದಿರುತ್ತದೆ.

ಇಲ್ಲಿ ಓದಿನ ಪ್ರಮಾಣವನ್ನು ಅಳೆಯುವ ಕ್ರೆಡಿಟ್ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಹೆಚ್ಚಿನ ತೊಡಕು ಅಡಗಿರುವುದು ಅಲ್ಲಿಯೇ. ಯುರೋಪಿನ ದೇಶಗಳು ಒಪ್ಪಿಕೊಂಡಿರುವ ಪದ್ಧತಿಯಲ್ಲಿ ಒಂದು ಪೂರ್ಣ ವರ್ಷದ ಓದಿಗೆ 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಶ್ರಮ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್, ಒಂದಕ್ಕೆ 30 ಗಂಟೆ. ಅಲ್ಲಿಂದ 30 ಕ್ರೆಡಿಟ್ ಗಳಿಸಿ ಬಂದವಳಿಗೆ ಇಲ್ಲಿ ಮೂವತ್ತು ಕೊಡಬೇಕೋ, ಇಪ್ಪತ್ತು ಕೊಡಬೇಕೋ? ವರ್ಷದ ಪ್ರಮಾಣ ನೋಡಿದರೆ ಇಪ್ಪತ್ತು ನ್ಯಾಯ, ಗಂಟೆಗಳನ್ನು ಎಣಿಸಿದರೆ ಇಪ್ಪತ್ತೈದರಿಂದ ಮೂವತ್ತು. ಎರಡೂ ಲೆಕ್ಕಗಳಿಗೆ ಸಮರ್ಥನೆ ಇದೆ. ಯಾವುದಾದರೊಂದನ್ನು ಆರಿಸಿ, ಬರೆದಿಟ್ಟು, ಮೌಲ್ಯಮಾಪನ ವಿಭಾಗದ ಗುಮಾಸ್ತರು ಯಾರನ್ನೂ ಕೇಳದೆ ಅನ್ವಯಿಸುವಂಥ ಒಂದು ಕೋಷ್ಟಕ ಮಾಡುವುದು ಆಡಳಿತದ ಕೆಲಸ. ಆ ಕೋಷ್ಟಕವಿಲ್ಲದ ಕಡೆ ಪ್ರತಿ ವಿದ್ಯಾರ್ಥಿಯೂ ಒಂದೊಂದು ಪ್ರತ್ಯೇಕ ಕಡತವಾಗುತ್ತಾರೆ.

ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ 1987ರಲ್ಲಿಯೇ ಯುರೋಪಿನಲ್ಲಿ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯೂ ಹುಟ್ಟಿತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಅದರಲ್ಲಿ ಪಾಲ್ಗೊಂಡರು. ಅದರ ಯಶಸ್ಸಿಗೆ ವಿದ್ಯಾರ್ಥಿವೇತನವೇ ಕಾರಣವೆಂದು ಹೇಳುವುದುಂಟು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅಲ್ಲಿ ಬಳಕೆಯಲ್ಲಿರುವ ಕಲಿಕಾ ಒಪ್ಪಂದವೆಂಬ ಒಂದು ಸಾಧಾರಣ ಕಾಗದ. ವಿದ್ಯಾರ್ಥಿ ಹೊರಡುವ ಮೊದಲೇ ತಾನು ಯಾವ ಯಾವ ಪತ್ರಿಕೆ ಓದುತ್ತೇನೆಂದು ಬರೆಯುತ್ತಾನೆ. ಕಳುಹಿಸುವ ಸಂಸ್ಥೆ, ಬರಮಾಡಿಕೊಳ್ಳುವ ಸಂಸ್ಥೆ ಮತ್ತು ವಿದ್ಯಾರ್ಥಿ ಮೂವರೂ ಸಹಿ ಹಾಕುತ್ತಾರೆ. ಅಂದರೆ ಮಾನ್ಯತೆಯ ತೀರ್ಮಾನ ಹೋಗುವ ಮೊದಲೇ ಆಗಿರುತ್ತದೆ, ವಿಭಾಗದ ಮಟ್ಟದಲ್ಲಿಯೇ ಆಗಿರುತ್ತದೆ. ನಮ್ಮಲ್ಲಿ ಅದು ಬಂದ ಮೇಲೆ, ಮೇಲಿನ ಮಟ್ಟದಲ್ಲಿ ಆಗಬೇಕಾಗುತ್ತದೆ.

ಹೀಗೇಕೆ ಎಂಬುದಕ್ಕೆ ನಮ್ಮ ವಿಶ್ವವಿದ್ಯಾಲಯಗಳ ವಂಶಾವಳಿಯನ್ನು ಸ್ವಲ್ಪ ಕೆದಕಬೇಕು. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಅಂದಿನ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ರೂಪುಗೊಂಡವು: ಪಾಠ ಕಾಲೇಜುಗಳಲ್ಲಿ, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದಲ್ಲಿ. ಸಂಯೋಜಿತ ಕಾಲೇಜುಗಳ ಪದ್ಧತಿ ಅಲ್ಲಿಂದ ಬಂದದ್ದು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳಿಗೆಲ್ಲ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ ಎಂದಾಗ ಸಮಾನತೆಗಾಗಿ ಎಲ್ಲವೂ ಕೇಂದ್ರದಲ್ಲಿ ತೀರ್ಮಾನವಾಗಲೇಬೇಕು. ಇಂಥ ವಿಶ್ವವಿದ್ಯಾಲಯದ ಬಹುಪಾಲು ಶಕ್ತಿ ಪರೀಕ್ಷೆ, ಮೌಲ್ಯಮಾಪನ, ಮರುಎಣಿಕೆ, ಸಂಯೋಜನೆಯ ತಪಾಸಣೆಗಳಲ್ಲಿಯೇ ಖರ್ಚಾಗುತ್ತದೆ. ಒಬ್ಬ ಅಧ್ಯಾಪಕಿ ತನ್ನ ತರಗತಿಗೆ ಮಾತ್ರ ಅನ್ವಯಿಸುವಂತೆ ಹೊರದೇಶದ ಸಹೋದ್ಯೋಗಿಯೊಂದಿಗೆ ಸೇರಿ ಒಂದು ಪತ್ರಿಕೆಯನ್ನು ರೂಪಿಸುತ್ತೇನೆಂದರೆ, ಆ ವ್ಯವಸ್ಥೆಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಶಿವಮೊಗ್ಗ ಜಿಲ್ಲೆಯಲ್ಲಿಯೇ ಇನ್ನೊಂದು ವಂಶದ ವಿಶ್ವವಿದ್ಯಾಲಯವೂ ಇದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಮುಖ್ಯ ಆವರಣವಿರುವ, 2012ರಲ್ಲಿ ಆರಂಭವಾದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಿಂಡಿಕೇಟ್ ಇಲ್ಲ, ಆಡಳಿತ ಮಂಡಳಿ ಇದೆ. ಅದರ ಶೈಕ್ಷಣಿಕ ಮಾನದಂಡಗಳನ್ನು ನೋಡಿಕೊಳ್ಳುವುದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು. ಕೃಷಿ ವಿಶ್ವವಿದ್ಯಾಲಯಗಳ ಮಾದರಿ ಅಮೆರಿಕದಿಂದ ಬಂದದ್ದು: 1862ರ ಕಾನೂನಿನ ಮೂಲಕ ಅಲ್ಲಿ ಭೂದಾನದ ಆಧಾರದ ಮೇಲೆ ಕಟ್ಟಿದ ಕಾಲೇಜುಗಳು ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತಂದಿದ್ದವು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು ಕಟ್ಟುವಾಗ ಟೆನೆಸ್ಸೀ ವಿಶ್ವವಿದ್ಯಾಲಯ ನೆರವಾಯಿತು. ಒಂದೇ ಮಲೆನಾಡಿನಲ್ಲಿ ಒಂದು ಲಂಡನ್ನಿನ ಮೊಮ್ಮಗು, ಇನ್ನೊಂದು ಅಮೆರಿಕದ ಮೊಮ್ಮಗು. ಅಂತರರಾಷ್ಟ್ರೀಕರಣದ ಬಗ್ಗೆ ಮಾತನಾಡುವಾಗ ನಮ್ಮ ಆಡಳಿತದ ಚೌಕಟ್ಟುಗಳೇ ಆಮದಾದವು ಎಂಬುದನ್ನು ಮರೆಯುತ್ತೇವೆ. ತನ್ನದೇ ಕಾಲೇಜು, ತನ್ನದೇ ಸಂಶೋಧನಾ ಕೇಂದ್ರಗಳನ್ನು ಇಟ್ಟುಕೊಂಡು, ನೂರಾರು ಸಂಯೋಜಿತ ಕಾಲೇಜುಗಳ ಪರೀಕ್ಷೆಯ ಭಾರವಿಲ್ಲದ ಸಂಸ್ಥೆಗೆ ಹೊರದೇಶದ ಸಂಶೋಧಕರೊಂದಿಗೆ ಕೈಜೋಡಿಸುವುದು ರಚನೆಯ ದೃಷ್ಟಿಯಿಂದಲೇ ಸುಲಭ.

ಹೊರ ಜಗತ್ತಿನಲ್ಲಿ ಅಧಿಕಾರ ಎಲ್ಲಿದೆಯೋ ಅಂತರರಾಷ್ಟ್ರೀಕರಣವೂ ಅದರ ಬಣ್ಣ ಪಡೆಯುತ್ತದೆ. ಬ್ರಿಟನ್ನಿನಲ್ಲಿ ಸರ್ಕಾರ 1980ರಿಂದ ಸಾಗರೋತ್ತರ ವಿದ್ಯಾರ್ಥಿಗಳು ಪೂರ್ಣ ವೆಚ್ಚದ ಶುಲ್ಕ ಕೊಡಬೇಕೆಂದಿತು. ಇಂಗ್ಲೆಂಡಿನಲ್ಲಿ ಸ್ವದೇಶಿ ವಿದ್ಯಾರ್ಥಿಗಳ ಶುಲ್ಕಕ್ಕೆ ಸರ್ಕಾರ ಮಿತಿ ಹಾಕಿದೆ; ವಿದೇಶಿಯರ ಶುಲ್ಕಕ್ಕೆ ಅಂಥ ಮಿತಿಯಿಲ್ಲ. ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳಿಗೆ ಸ್ವಾಯತ್ತತೆಯಿದೆ, ಜೊತೆಗೆ ಆಯವ್ಯಯವನ್ನು ಸರಿದೂಗಿಸುವ ಹೊಣೆಯೂ ಇದೆ. ಪರಿಣಾಮವಾಗಿ ಅವು ಶುಲ್ಕ ಕೊಡುವ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೈದರಾಬಾದು, ಬೆಂಗಳೂರುಗಳವರೆಗೆ ಬರುತ್ತವೆ. 2024ರ ಜನವರಿಯಿಂದ ಬಹುತೇಕ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವಂತಿಲ್ಲ ಎಂದು ಅಲ್ಲಿಯ ವಲಸೆ ನಿಯಮ ಬಿಗಿಯಾದಾಗ ಪೆಟ್ಟು ಬಿದ್ದದ್ದೂ ಅವುಗಳ ಬೊಕ್ಕಸಕ್ಕೇ. ಜರ್ಮನಿಯಲ್ಲಿ ಶಿಕ್ಷಣ ರಾಜ್ಯಗಳ ಅಧಿಕಾರ. ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲ, ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸಿತು. ಡೆನ್ಮಾರ್ಕ್ 2003ರ ಕಾನೂನಿನಲ್ಲಿ ವಿಶ್ವವಿದ್ಯಾಲಯ ಮಂಡಳಿಗಳಲ್ಲಿ ಹೊರಗಿನವರಿಗೆ ಬಹುಮತ ಕೊಟ್ಟು, ಚುನಾಯಿತ ಮುಖ್ಯಸ್ಥರ ಬದಲು ನೇಮಕಗೊಂಡ ಮುಖ್ಯಸ್ಥರನ್ನು ತಂದಿತು. ಹಾಗಿದ್ದೂ, ಇಂಗ್ಲಿಷಿನಲ್ಲಿ ಓದುವ ವಿದೇಶಿಯರು ಓದು ಮುಗಿಸಿ ದೇಶ ಬಿಡುತ್ತಾರೆಂಬ ವಾದ ಎದ್ದಾಗ, ಉನ್ನತ ಶಿಕ್ಷಣದ ಇಂಗ್ಲಿಷ್ ಕೋರ್ಸುಗಳ ಸೀಟು ಕಡಿತಗೊಳಿಸುವ ತೀರ್ಮಾನವಾದದ್ದು 2021ರಲ್ಲಿ ಸಂಸತ್ತಿನ ಪಕ್ಷಗಳ ನಡುವೆ. ಮಂಡಳಿಗಳಿಗೆ ಎಷ್ಟೇ ಅಧಿಕಾರ ಬಿಟ್ಟುಕೊಟ್ಟರೂ ಬೀಗದ ಕೈ ಸರ್ಕಾರದ ಸೊಂಟದಲ್ಲಿಯೇ ಇತ್ತು.

ನಮ್ಮಲ್ಲಿ ಬೀಗದ ಕೈಗಳು ಎರಡು ಗೊಂಚಲುಗಳಲ್ಲಿವೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಉನ್ನತ ಶಿಕ್ಷಣದ ಮಟ್ಟವನ್ನು ನಿರ್ಧರಿಸುವುದು ಕೇಂದ್ರ ಪಟ್ಟಿಯ 66ನೇ ನಮೂದು. ಶಿಕ್ಷಣ 1976ರ 42ನೇ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಯಲ್ಲಿದೆ. ಹಾಗಾಗಿ ವಿದೇಶಿ ಸಹಯೋಗದ ನಿಯಮ ಬರುವುದು ದೆಹಲಿಯ ವಿಶ್ವವಿದ್ಯಾಲಯ ಅನುದಾನ ಆಯೋಗದಿಂದ, ಅದನ್ನು ಜಾರಿಗೆ ತರಬೇಕಾದ ಸಂಸ್ಥೆಗೆ ಸಂಬಳ ಮತ್ತು ಹುದ್ದೆ ಬರುವುದು ವಿಧಾನಸೌಧದಿಂದ. ಆಯೋಗದ 2022ರ ನಿಯಮಗಳು ವಿದೇಶಿ ವಿಶ್ವವಿದ್ಯಾಲಯಗಳೊಂದಿಗೆ ಅವಳಿ ಕಾರ್ಯಕ್ರಮ (ಓದಿನ ಒಂದು ಭಾಗ ಅಲ್ಲಿ, ಪದವಿ ಇಲ್ಲಿಯದು), ಜಂಟಿ ಪದವಿ (ಎರಡೂ ಸಂಸ್ಥೆ ಸೇರಿ ಕೊಡುವ ಒಂದು ಪದವಿ), ದ್ವಿಪದವಿಗಳಿಗೆ (ಎರಡೂ ಬೇರೆ ಬೇರೆಯಾಗಿ ಕೊಡುವ ಪದವಿಗಳು) ದಾರಿ ತೆರೆದವು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಎಂಬ ರಾಷ್ಟ್ರೀಯ ಸಂಸ್ಥೆಯ ಮೌಲ್ಯಾಂಕನದಲ್ಲಿ ಕನಿಷ್ಠ 3.01 ಅಂಕ ಪಡೆದ ಅಥವಾ ರಾಷ್ಟ್ರೀಯ ಶ್ರೇಯಾಂಕದ ವಿಶ್ವವಿದ್ಯಾಲಯ ವಿಭಾಗದಲ್ಲಿ ಮೊದಲ ನೂರರೊಳಗಿರುವ ಸಂಸ್ಥೆ, ಜಾಗತಿಕ ಪಟ್ಟಿಯ ಮೊದಲ ಸಾವಿರದೊಳಗಿನ ಸಂಸ್ಥೆಯೊಂದಿಗೆ ಆಯೋಗದ ಪೂರ್ವಾನುಮತಿಯಿಲ್ಲದೆ ಕೈಜೋಡಿಸಬಹುದು. ಅವಳಿ ಕಾರ್ಯಕ್ರಮದಲ್ಲಿ ಹೊರಗಿನ ಕ್ರೆಡಿಟ್ ಶೇ. 30 ಮೀರುವಂತಿಲ್ಲ, ಜಂಟಿ ಪದವಿಯಲ್ಲಿ ಎರಡೂ ಕಡೆ ಕನಿಷ್ಠ ಶೇ. 30 ಇರಬೇಕು. ನ್ಯಾಕ್ ಅಂಕಕ್ಕೆ ಅಧ್ಯಾಪಕರ ಸಂಖ್ಯೆಯೂ ಮುಖ್ಯ, ಖಾಲಿ ಹುದ್ದೆ ತುಂಬಲು ರಾಜ್ಯದ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಅತಿಥಿ ಉಪನ್ಯಾಸಕರನ್ನು ನಂಬಿಕೊಂಡು ನಡೆಯುವ ವಿಭಾಗಕ್ಕೆ ಜರ್ಮನಿಯ ಬಾಗಿಲು ಮುಚ್ಚಿರುವುದು ಜರ್ಮನಿಯಲ್ಲಲ್ಲ, ಬೆಂಗಳೂರಿನ ಒಂದು ಕಡತದಲ್ಲಿ.

ಪದವಿಯ ಅವಧಿಯ ಕಥೆಯೂ ಇದೇ ಬಗೆಯದು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ತಂದಿತು; 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಎರಡಕ್ಕೂ ಶೈಕ್ಷಣಿಕ ಸಮರ್ಥನೆಗಳಿವೆ. ಮಲೆನಾಡಿನ ಹಳ್ಳಿಯ ಹುಡುಗಿಯನ್ನು ಇನ್ನೊಂದು ವರ್ಷ ಓದಿಸಲು ಮನೆಯವರು ಹಿಂಜರಿಯುತ್ತಾರೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಹದಿನಾರು ವರ್ಷಗಳ ಓದನ್ನು ಕೇಳುತ್ತವೆ, ಬ್ರಿಟನ್ನಿನವು ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ. ಅಂತರರಾಷ್ಟ್ರೀಕರಣ ಎಂಬ ಪದವನ್ನೇ ಬಳಸದ ಒಂದು ಸರ್ಕಾರಿ ಆದೇಶ ನಮ್ಮ ವಿದ್ಯಾರ್ಥಿಗಳಿಗೆ ಯಾವ ದೇಶದ ದಾರಿ ಸುಗಮ, ಯಾವುದು ದುರ್ಗಮ ಎಂಬುದನ್ನು ನಿರ್ಧರಿಸಿಬಿಟ್ಟಿರುತ್ತದೆ.

ನಿಧಾನವೆಲ್ಲ ದೋಷವೆಂದು ಹೇಳಲಾಗದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಾಣುವನ್ನು ಗುರುತಿಸಿದರು. ಆ ಕೇಂದ್ರವನ್ನು 1952ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಸೇರಿ ಆರಂಭಿಸಿದ್ದವು. ಮಂಗನ ಕಾಯಿಲೆಯ ಇಂಗ್ಲಿಷ್ ಹೆಸರಿನಲ್ಲಿ ನಮ್ಮ ಒಂದು ಕಾಡಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳಿಗೆ ಸೇರಿದ್ದು ಹೀಗೆ, ಮಲೆನಾಡಿಗೆ ವಿಶ್ವವಿದ್ಯಾಲಯ ಬರುವ ಮೂವತ್ತು ವರ್ಷ ಮೊದಲು. ಇಂದು ಅಂಥ ಸಹಯೋಗಕ್ಕೆ ಪರಿಶೀಲನಾ ಸಮಿತಿಗಳ ಒಪ್ಪಿಗೆ ಬೇಕು. ಪಶ್ಚಿಮ ಘಟ್ಟದ ಕಪ್ಪೆ, ಶಿಲೀಂಧ್ರ, ಔಷಧಿ ಸಸ್ಯಗಳನ್ನು ವಿದೇಶಿ ಸಂಶೋಧಕರು ಪಡೆಯಬೇಕಾದರೆ 2002ರ ಜೈವಿಕ ವೈವಿಧ್ಯ ಅಧಿನಿಯಮದಂತೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಕೇಂದ್ರದ ಮಾರ್ಗಸೂಚಿಗೆ ಒಳಪಟ್ಟ ಸಾಂಸ್ಥಿಕ ಸಹಯೋಗಗಳಿಗೆ ಅದೇ ಕಾನೂನು ವಿನಾಯಿತಿಯನ್ನೂ ಕೊಡುತ್ತದೆ. ಈ ಬೇಲಿ ಬೇಕಾದದ್ದೇ. ಕಷ್ಟವೆಂದರೆ ಆ ವಿನಾಯಿತಿಯ ಕಲಮನ್ನು ಓದಿ, ಯೋಜನೆಯ ಕಾಗದಪತ್ರವನ್ನು ಅದಕ್ಕೆ ಹೊಂದಿಸಿ ಬರೆದುಕೊಡುವವರು ವಿಶ್ವವಿದ್ಯಾಲಯದಲ್ಲಿ ಇರಬೇಕು. ವಿಭಾಗದ ಪ್ರಾಧ್ಯಾಪಕರೇ ಪಾಠ, ಮೌಲ್ಯಮಾಪನಗಳ ನಡುವೆ ಅದನ್ನೂ ಕಲಿಯಬೇಕೆಂದರೆ ಹೆಚ್ಚಿನವರು ಸಹಯೋಗದ ಆಸೆಯನ್ನೇ ಬಿಡುತ್ತಾರೆ.

ವಿಶ್ವವಿದ್ಯಾಲಯ ಅನುದಾನ ಆಯೋಗ 2021ರ ಮಾರ್ಗಸೂಚಿಯಲ್ಲಿ ಪ್ರತಿ ವಿಶ್ವವಿದ್ಯಾಲಯದಲ್ಲೂ ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿ ಇರಬೇಕೆಂದು ಹೇಳಿತು, 2022ರಲ್ಲಿ ವಿದೇಶಿ ವಿದ್ಯಾರ್ಥಿಗಳಿಗಾಗಿ ಶೇ. 25ರವರೆಗೆ ಹೆಚ್ಚುವರಿ ಸೀಟುಗಳಿಗೆ ಅವಕಾಶ ಕೊಟ್ಟಿತು. ಸೀಟು ಕೊಟ್ಟಕೂಡಲೇ ವಿದ್ಯಾರ್ಥಿಗಳು ಬರುವುದಿಲ್ಲ. 2021-22ರಲ್ಲಿ ಇಡೀ ದೇಶದಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳು 46,878. 2022ರ ಒಂದೇ ವರ್ಷದಲ್ಲಿ ಓದಲೆಂದು ದೇಶ ಬಿಟ್ಟವರು ಏಳೂವರೆ ಲಕ್ಷ. ಇಂಥ ಕಚೇರಿಗೆ ಪೂರ್ಣಾವಧಿ ಸಿಬ್ಬಂದಿ ಬೇಕು: ವಿದೇಶಿ ವಿದ್ಯಾರ್ಥಿಯ ನೋಂದಣಿಗೆ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಯಾರು ಜೊತೆಗೆ ಹೋಗುತ್ತಾರೆ, ಹಾಸ್ಟೆಲಿಗೆ ಬಂದವರ ಮಾಹಿತಿಯನ್ನು ಸಮಯಕ್ಕೆ ಯಾರು ಸಲ್ಲಿಸುತ್ತಾರೆ, ದಸರಾ ರಜೆಗೆ ಮೆಸ್ ಮುಚ್ಚಿದಾಗ ಅವರು ಎಲ್ಲಿ ಉಣ್ಣುತ್ತಾರೆ. ಹಲವೆಡೆ ಆ ಕಚೇರಿ ಎಂದರೆ ಬಾಗಿಲ ಮೇಲಿನ ಒಂದು ಫಲಕ ಮತ್ತು ಹೆಚ್ಚುವರಿ ಹೊಣೆ ಹೊತ್ತ ಒಬ್ಬ ಅಧ್ಯಾಪಕ.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಹುಡುಗಿಯೊಬ್ಬಳೊಂದಿಗೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರುಗಳ ಅಂಕಗಳ ಅಧಿಕೃತ ಪಟ್ಟಿ, ಪಡೆಯಲು ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋಗಿದ್ದೆ. ಜರ್ಮನಿಯಲ್ಲಿ ಅವಳಿಗೆ ಬೇಕಾದ ಕೋರ್ಸಿಗೆ ಅರ್ಜಿ ಹಾಕಲು ಜುಲೈ 15 ಕೊನೆಯ ದಿನ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದಿರಲಿಲ್ಲ. ಚಲನ್ ಕಟ್ಟಿ, ಹಿಂದಿನ ಅಂಕಪಟ್ಟಿಗಳ ಜೆರಾಕ್ಸಿಗೆ ಸಹಿ ಹಾಕಿಸಿ, ಕೌಂಟರಿನ ಮುಂದೆ ನಿಂತೆವು. ಗುಮಾಸ್ತರು ಒಳ್ಳೆಯವರೇ. ಐದು ಸೆಮಿಸ್ಟರಿನದನ್ನು ಕೊಡಬಹುದೇ ಎಂದರೆ, ‘ಅಪೂರ್ಣ ಟ್ರಾನ್ಸ್‌ಕ್ರಿಪ್ಟ್ ಕೊಡೋಕೆ ನಮಗೆ ಆದೇಶ ಇಲ್ಲ ಸಾರ್, ಮೇಲಿನವರು ಬರೆದುಕೊಟ್ಟರೆ ಈಗಲೇ ಕೊಡ್ತೀನಿ’ ಎಂದರು. ಮೇಲಿನವರು ಸಭೆಗೆಂದು ಬೆಂಗಳೂರಿಗೆ ಹೋಗಿದ್ದರು. ಆ ವರ್ಷ ಅವಳ ಅರ್ಜಿ ಹೋಗಲಿಲ್ಲ. ಬೇಕಾಗಿದ್ದದ್ದು ಅರ್ಧ ಪುಟದ ಒಂದು ಸುತ್ತೋಲೆ.

ಈಗಿನ ನಿಯಮಗಳೊಳಗೇ, ದೆಹಲಿಯನ್ನಾಗಲಿ ಬೆಂಗಳೂರನ್ನಾಗಲಿ ಕೇಳದೆ ಮಾಡಬಹುದಾದ ಕೆಲಸಗಳೂ ಇವೆ. ಸಾಗರದ ಒಂದು ಪದವಿ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕಿ ಹೊರದೇಶದ ಒಬ್ಬ ಅಧ್ಯಾಪಕರೊಂದಿಗೆ ಮಾತನಾಡಿಕೊಂಡು, ಪಠ್ಯಕ್ರಮದಲ್ಲಿರುವ ಸಸ್ಯರೋಗಗಳ ಘಟಕವನ್ನು ಎರಡೂ ತರಗತಿಗಳ ವಿದ್ಯಾರ್ಥಿಗಳಿಗೆ ವಿಡಿಯೋ ಮೂಲಕ ಒಟ್ಟಿಗೆ ನಡೆಸಬಹುದು. ಇವರು ಕೊಳೆರೋಗದ ಕಾಯಿ ತೋರಿಸಿದರೆ ಅವರು ದ್ರಾಕ್ಷಿ ಎಲೆ ತೋರಿಸುತ್ತಾರೆ. ಘಟಕ ಹೊಸದಲ್ಲ, ಪ್ರಶ್ನೆಪತ್ರಿಕೆ ಬದಲಾಗುವುದಿಲ್ಲ. ಜಂಟಿ ನಿಯೋಜಿತ ಕಾರ್ಯಕ್ಕೆ ಆಂತರಿಕ ಮೌಲ್ಯಮಾಪನದ ಅಂಕ ಕೊಡಬಹುದೆಂದು ಅಧ್ಯಯನ ಮಂಡಳಿ ನಡಾವಳಿಯಲ್ಲಿ ಒಂದು ಸಾಲು ಬರೆದರೆ ಸಾಕು. ಆ ಅಧ್ಯಾಪಕರು ಜರ್ಮನಿಯವರಾದರೆ, ಅಲ್ಲಿಯ ಬೇಸಿಗೆಯಲ್ಲಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ಇಲ್ಲಿಯ ಮಧ್ಯಾಹ್ನ ಎರಡರ ತರಗತಿ ಅವರಿಗೆ ಬೆಳಗಿನ ಹತ್ತೂವರೆಗೆ ಬೀಳುತ್ತದೆ. ಕೊಳೆರೋಗ ಹತ್ತುವ ಆಷಾಢದ ಮಳೆಯಲ್ಲಿ ಕರೆಂಟು ಕೈಕೊಡುವುದು ಖಾತ್ರಿಯಾದ್ದರಿಂದ, ಕಾಲೇಜಿನ ಜನರೇಟರಿಗೆ ಡೀಸೆಲ್ ಹಾಕಿಸುವ ಅಧಿಕಾರ ಪ್ರಾಂಶುಪಾಲರಿಗೆ ಎಷ್ಟು ರೂಪಾಯಿಯವರೆಗೆ ಇದೆ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.